ಮೆತೋದಿಯ ಮೂಕ ಪಿಯಾನೊ

ಪ್ಲೆವೆನ್ ಪಟ್ಟಣದ ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಮೆತೋದಿ ಚಕರೋವ್ ಸುಳ್ಳುಗಾರನಲ್ಲ. ಆದರೆ ಹೆಂಡತಿಯ ಅಣ್ಣನ ಮನೆಯ ಊಟದ ಮೇಜು ಇದೆಯಲ್ಲ, ಅದು ಎಂಥ ಸತ್ಯವಂತನನ್ನೂ ಜಾರಿಸಿಬಿಡುವ ಜಾಗ. ಅಲ್ಲಿ ಕೂತವನು ಒಂದೋ ಬಾಯಿ ಮುಚ್ಚಿಕೊಂಡು ತಿನ್ನಬೇಕು, ಇಲ್ಲವೇ ಯೋಗ್ಯತೆಗೆ ಮೀರಿದ ಮಾತಾಡಿ ಅನುಭವಿಸಬೇಕು. ಮದುವೆಯಾದಾಗಿನಿಂದ ಮೆತೋದಿ ಮೊದಲನೆಯದನ್ನೇ ಮಾಡಿಕೊಂಡು ಬಂದಿದ್ದ. ಆ ಅಕ್ಟೋಬರ್ ಭಾನುವಾರ ಮಾತ್ರ ಎರಡನೆಯದನ್ನು ಮಾಡಿದ.

ಅವತ್ತು ಮಾತು ನಡೆದಿದ್ದು ಭಾವ ಕಾಮೆನ್‌ನ ಮಗಳು ಬೋಯಾನಾಳ ಮದುವೆಯ ಬಗ್ಗೆ. ಕಾಮೆನ್‌ಗೆ ಒಂದು ಟೈರಿನ ಅಂಗಡಿಯೂ ಮೂರು ಅಂಗಡಿಗಾಗುವಷ್ಟು ಗಂಟಲೂ ಇದ್ದವು. ಸೋಫಿಯಾದಿಂದ ಬ್ಯಾಂಡ್ ತರಿಸುತ್ತೇನೆ, ಅಡುಗೆಯವರನ್ನು ವಾರ್ನಾದಿಂದ ಕರೆಸುತ್ತೇನೆ ಎಂದು ಹೇಳುತ್ತಾ ಹೇಳುತ್ತಾ ಅವನ ಕಣ್ಣು ತಂಗಿಯ ಗಂಡನ ಮೇಲೆ ಬಿತ್ತು.

"ನೀನೇನ್ ಮಾಡ್ತೀಯಪ್ಪಾ ಮೆತೋದಿ? ಬಾಗಿಲಲ್ಲಿ ನಿಂತು ಬಂದೋರಿಗೆಲ್ಲ ಟಿಕೆಟ್ ಹರಿದು ಕೊಡ್ತೀಯಾ?"

ಮೇಜಿನವರೆಲ್ಲ ನಕ್ಕರು. ಹೆಂಡತಿ ಇಲ್ಕಾ ಕೂಡ ಸ್ವಲ್ಪ ನಕ್ಕಳು; ಗಂಡನಿಗೆ ನೋವಾಗಿದ್ದು ಅದು. ಕೈಯಲ್ಲಿದ್ದ ರಕಿಯಾ ಎಂಬ ದ್ರಾಕ್ಷಿ ಸಾರಾಯಿ ಗುಟುಕರಿಸಿ, "ಬ್ಯಾಂಡ್ ಯಾಕೆ ಭಾವ? ನಾನೇ ಬಾರಿಸ್ತೀನಿ. ಮನೇಲಿ ಸ್ಟುಡಿಯೊ ಮಾಡಿದೀನಿ," ಎಂದುಬಿಟ್ಟ.

ಸ್ಟುಡಿಯೊ ಇರಲಿಲ್ಲ. ಇದ್ದದ್ದು ಶಾಲೆಯಲ್ಲಿ ಕಲಿತ ಅಕಾರ್ಡಿಯನ್ನಿನ ನೆನಪು, ಅದೂ ಬಲಗೈಗೆ ಮಾತ್ರ. ಮಾತನ್ನು ಅಲ್ಲಿಗೇ ತಮಾಷೆ ಮಾಡಿ ಮುಗಿಸಬಹುದಿತ್ತು. ಆದರೆ ಬೋಯಾನಾ ಎದ್ದುಬಂದು ಅವನ ಕುತ್ತಿಗೆಗೆ ಜೋತುಬಿದ್ದಳು.

"ಮಾಮ ಬಾರಿಸೋದಾದ್ರೆ ನಂಗೆ ಬೇರೆ ಬ್ಯಾಂಡ್ ಬೇಡ. ಅಜ್ಜಿ ಹಾಡ್ತಿದ್ರಲ್ಲ, ಹೆಣ್ಣು ಹೊಸಿಲು ದಾಟೋವಾಗಿನ ಹಾಡು, ಅದನ್ನ ಬಾರಿಸ್ಬೇಕು."

ಮಗಳು ಬೇಡವೆಂದಳು, ಖರ್ಚೂ ಉಳಿಯಿತು. ಕಾಮೆನ್ ಅಲ್ಲಿಯೇ ಸೋಫಿಯಾಕ್ಕೆ ಫೋನ್ ಮಾಡಿ ಬ್ಯಾಂಡ್ ಬೇಡವೆಂದು ತಿಳಿಸಿದ. ಮಾಂಸ ಬಿಡುವ ಕ್ರಿಸ್ಮಸ್ ಉಪವಾಸ ಮುಗಿದ ಮೇಲೆ, ಜನವರಿಯಲ್ಲಿ ಮದುವೆ.

ಮರುವಾರ ಮೆತೋದಿ ಹಳೆಯ ಸಂಗೀತಗಾರನೊಬ್ಬನಿಂದ ಕೀಬೋರ್ಡ್ ಕೊಂಡು ತಂದ. ಉದ್ದಕ್ಕೆ, ಕರಿಬಿಳಿ ಮಣೆಗಳ ಮಿಡಿ ಕೀಬೋರ್ಡ್. ಉಪ್ಪಿನಕಾಯಿಗೆ ಹಾಕುವ ಮಿಡಿಗೂ ಇದಕ್ಕೂ ಸಂಬಂಧವಿಲ್ಲ. ಇಲ್ಕಾ ಸೊಂಟಕ್ಕೆ ಕೈಕೊಟ್ಟು ನಿಂತು ಒಂದು ಮಣೆ ಒತ್ತಿದಳು.

"ಸದ್ದೇ ಬರಲ್ವಲ್ಲ?"

"ಇದರಲ್ಲಿ ಸದ್ದಿರಲ್ಲ ಇಲ್ಕಾ. ಇದು ಬರೀ ಸುದ್ದಿ ಕಳಿಸುತ್ತೆ. ಯಾವ ಮಣೆ ಒತ್ತಿದ್ರು, ಎಷ್ಟು ಜೋರಾಗಿ ಒತ್ತಿದ್ರು, ಯಾವಾಗ ಬಿಟ್ರು ಅಂತ. ಸುದ್ದಿ ಲ್ಯಾಪ್‌ಟಾಪಿಗೆ ಹೋಗುತ್ತೆ. ಸದ್ದು ಮಾಡೋದು ಅದು."

"ಅಂದ್ರೆ ನೀನು ದುಡ್ಡು ಕೊಟ್ಟು ಚಾಡಿಕೋರನ್ನ ತಂದಿದೀಯ."

ಅದಕ್ಕಿಂತ ಸರಿಯಾದ ವಿವರಣೆ ಮೆತೋದಿಗೂ ಹೊಳೆಯಲಿಲ್ಲ. ತಂತಿ ಸಿಕ್ಕಿಸಿ, ಕಿವಿ ಪೂರ್ತಿ ಮುಚ್ಚುವ ದಪ್ಪ ಹೆಡ್‌ಫೋನ್ ಹಾಕಿಕೊಂಡು ಭಾನುವಾರ ಬೆಳಿಗ್ಗೆ ಕೂತ. ಆಹಾ, ಏನು ನಾದ. ಆರ್ಗನ್ ಆರಿಸಿದರೆ ಇಗರ್ಜಿ, ಪಿಯಾನೊ ಆರಿಸಿದರೆ ಅರಮನೆ. ಸೋಮವಾರ ಸಂಜೆ ಕೆಲಸ ಮುಗಿಸಿ ಬಂದು ಮತ್ತೆ ಕೂತ. ಏನೂ ಇಲ್ಲ. ಮಣೆ ಒತ್ತಿದಾಗಲೆಲ್ಲ ಪರದೆಯ ಮೇಲೆ ಹಸಿರು ದೀಪ ಕುಣಿಯುತ್ತಿತ್ತು. ಸುದ್ದಿ ಹೋಗುತ್ತಿತ್ತು, ಸದ್ದು ಬರುತ್ತಿರಲಿಲ್ಲ.

ಸದ್ದು ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಓದುಗರಿಂದ ಮುಚ್ಚಿಡುವುದು ನ್ಯಾಯವಲ್ಲ. ಮೇಲಿನ ಮನೆಯಲ್ಲಿ ದೋಂಕಾ ಎಂಬ ಮುದುಕಿ ಒಬ್ಬಳೇ ಇದ್ದಳು. ಊರಿನ ಹೆಂಗಸರ ಜನಪದ ಮೇಳದಲ್ಲಿ ಒಂದು ಕಾಲಕ್ಕೆ ಮುಂದೆ ನಿಂತು ಹಾಡುತ್ತಿದ್ದವಳು. ಮೇಳ ಮುಚ್ಚಿದ ಮೇಲೆ ಹಾಡೂ ಬಿಟ್ಟಳು, ಮಾತೂ ಕಡಿಮೆಯಾಯಿತು. ಹಿಂದಿನ ಚಳಿಗಾಲ ಅವಳಿಗೆ ಸೂಪರ್‌ಮಾರ್ಕೆಟ್ಟಿನ ಲಾಟರಿಯಲ್ಲಿ ಒಂದು ದೀಪ ಬಂದಿತ್ತು. ಹೆಸರು ಲುನೆಲಾ. ಅದು ಬೆಳಕೂ ಕೊಡುತ್ತಿತ್ತು, ಬ್ಲೂಟೂತಿನಲ್ಲಿ ಹಾಡೂ ಹಾಡುತ್ತಿತ್ತು. ಅದನ್ನು ಮೇಲಕ್ಕೆ ಹೊತ್ತೊಯ್ದು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ ತೋರಿಸಿಕೊಟ್ಟವನು ಮೆತೋದಿಯೇ. "ನಂಗೆ ಬೆಳಕು ಸಾಕು," ಎಂದಿದ್ದಳು ದೋಂಕಾ, ದೀಪವನ್ನು ಮಾತೆ ಮೇರಿಯ ಪಟದ ಪಕ್ಕ ಇಟ್ಟುಕೊಂಡು. ಆಮೇಲೆ ಇಬ್ಬರೂ ಅದನ್ನು ಮರೆತರು. ಲ್ಯಾಪ್‌ಟಾಪ್ ಮರೆಯಲಿಲ್ಲ. ಸಂಜೆ ಕತ್ತಲಾಗಿ ದೋಂಕಾ ದೀಪ ಹಚ್ಚಿದಾಗಲೆಲ್ಲ ಅದು ಹಳೆಯ ಗೆಳೆಯನನ್ನು ಗುರುತು ಹಿಡಿದು, ಮೆತೋದಿಯ ಕಿವಿಗೆ ಬರಬೇಕಾದ ಸದ್ದನ್ನೆಲ್ಲ ಮೇಲಕ್ಕೆ ಕಳಿಸಿಬಿಡುತ್ತಿತ್ತು.

ಮೆತೋದಿ ತಿಳಿದ ಚಿಕಿತ್ಸೆಯನ್ನೆಲ್ಲ ಮಾಡಿದ. ತಂತಿ ಬದಲಾಯಿಸಿದ. ಲ್ಯಾಪ್‌ಟಾಪ್ ಆರಿಸಿ ಹಚ್ಚಿದ. ಕೀಬೋರ್ಡನ್ನು ಮಗುಚಿ ಹಾಕಿ ಬೆನ್ನು ತಟ್ಟಿದಾಗ ಅದರೊಳಗಿಂದ ಹಳೆಯ ಯಜಮಾನನ ಸೂರ್ಯಕಾಂತಿ ಬೀಜದ ಸಿಪ್ಪೆ ಉದುರಿತು, ಸದ್ದು ಉದುರಲಿಲ್ಲ. ಬೆಳಿಗ್ಗೆ ಸರಿಯಿದ್ದದ್ದು ಸಂಜೆ ಮೂಕವಾಗುವುದನ್ನು ಕಂಡು, ಸಂಜೆ ಹೊತ್ತು ಊರಿನ ಕರೆಂಟು ಸೊರಗುತ್ತದೆ ಎಂದು ತೀರ್ಮಾನಿಸಿದ. ಹೀಗೇ ಕೆಲವು ವಾರ ಕಳೆದು, ಉಪವಾಸವೂ ಶುರುವಾದ ಮೇಲೆ, ಒಂದು ಸಂಜೆ ಸಿಟ್ಟು ಬಂದು, ಬುಡದ ದಪ್ಪ ಮಣೆಯೊಂದನ್ನು ಒತ್ತಿ ಹಿಡಿದಿದ್ದಾಗಲೇ ತಂತಿ ಕಿತ್ತು, ಹುರುಳಿಕಾಯಿ ಸೂಪು ಕುಡಿಯಲು ಹೋದ.

ಒತ್ತಿದ ಸುದ್ದಿ ಲ್ಯಾಪ್‌ಟಾಪಿಗೆ ತಲುಪಿತ್ತು. ಬಿಟ್ಟ ಸುದ್ದಿ ತಲುಪಲೇ ಇಲ್ಲ. ಪ್ರಾಮಾಣಿಕ ಯಂತ್ರ, ಬಿಡು ಎಂದು ಯಾರೂ ಹೇಳದಿದ್ದ ಮೇಲೆ ಅದು ಯಾಕೆ ಬಿಟ್ಟೀತು? ದೋಂಕಾಳ ಒಳಕೋಣೆಯಲ್ಲಿ ಆರ್ಗನ್ನಿನ ದಪ್ಪ ಸ್ವರವೊಂದು ಗುಂಯ್ ಎಂದು ಎದ್ದಿದ್ದು ನಿಲ್ಲಲೇ ಇಲ್ಲ. ಗೋಡೆ ಅದುರಿತು. ಗಾಜಿನ ಕಪಾಟಿನ ಲೋಟಗಳು ಒಂದಕ್ಕೊಂದು ಮುತ್ತಿಟ್ಟವು.

ಮೊದಲು ಓಡಿಬಂದವನು ಗೆಂಚೋ. ಆ ಕಟ್ಟಡದ ಮನೆಯವರೆಲ್ಲ ಸೇರಿ ಆರಿಸಿದ ಮೇಲ್ವಿಚಾರಕ. ಹಿಂದೆ ಡ್ರೈವಿಂಗ್ ಪರೀಕ್ಷೆ ಮಾಡುತ್ತಿದ್ದವನಾದ್ದರಿಂದ ಎದುರಿಗಿದ್ದವರೆಲ್ಲ ತಪ್ಪು ಮಾಡಿಯೇ ಇರುತ್ತಾರೆ ಎಂದು ನಂಬಿದವನು. ಗೋಡೆಗೆ ಕಿವಿಯಿಟ್ಟು, "ಬಿಸಿನೀರಿನ ಕೊಳವೆ," ಎಂದು ತೀರ್ಪು ಕೊಟ್ಟ. ಸೂಪು ಅರ್ಧಕ್ಕೆ ಬಿಟ್ಟು ಮೆಟ್ಟಿಲಿಗೆ ಬಂದಿದ್ದ ಮೆತೋದಿ, "ನಂಗೂ ಕೇಳಿಸ್ತಿದೆ ಗೆಂಚೋ ಅವ್ರೇ. ಅದು ಅರ್ಥಿಂಗ್ ದೋಷ. ನನ್ನ ಸ್ಟುಡಿಯೊಗೂ ಅದ್ರಿಂದ್ಲೇ ತೊಂದ್ರೆ," ಎಂದ.

"ನಿಮ್ ಸ್ಟುಡಿಯೊ ಇಟ್ಕೊಳ್ಳಿ. ಕೊಳವೆ ಅಂದ್ರೆ ಕೊಳವೆ."

ಬಿಸಿನೀರಿನ ಕಚೇರಿಯಿಂದ ಒಬ್ಬ ರಿಪೇರಿಯವನು ಬಂದ. ಕೊಳವೆಯನ್ನು ಸ್ಪ್ಯಾನರಿನಿಂದ ಮೂರು ಕಡೆ ಬಡಿದ, ತಲೆ ಅಲ್ಲಾಡಿಸಿದ, ನೆಲಮಾಳಿಗೆಗೆ ಹೋಗಿ ವಾಲ್ವ್ ತಿರುಗಿಸಿದ. ಅದೇ ಗಳಿಗೆಗೆ ಸೂಪು ಮುಗಿಸಿದ ಮೆತೋದಿ ಲ್ಯಾಪ್‌ಟಾಪ್ ಆರಿಸಿದ. ಸದ್ದು ಕತ್ತರಿಸಿದಂತೆ ನಿಂತಿತು.

"ನೋಡಿದ್ರಾ?" ಎಂದ ರಿಪೇರಿಯವನು.

"ನೋಡಿದ್ರಾ?" ಎಂದ ಗೆಂಚೋ ಎಲ್ಲರಿಗೂ.

ಮನೆಗಳನ್ನು ಬೆಚ್ಚಗಿಡುತ್ತಿದ್ದದ್ದು ಆ ಕೊಳವೆಯ ಬಿಸಿನೀರೇ; ಅಂದಿನಿಂದ ಆ ಮೆಟ್ಟಿಲಿಗೆ ಸೇರಿದ ಮನೆಗಳೆಲ್ಲ ಥಂಡಿ ಹೊಡೆದು ಕೂತವು. ಜನ ಕೋಟು ಹಾಕಿಕೊಂಡೇ ಊಟ ಮಾಡಿದರು. ಆದರೆ ನೆಮ್ಮದಿಯಿತ್ತು, ಕಾರಣ ಗೊತ್ತಾಗಿತ್ತಲ್ಲ.

ನೆಮ್ಮದಿ ಮರುದಿನ ಸಂಜೆಯೇ ಹಾರಿಹೋಯಿತು. ಕೊಳವೆಯಲ್ಲಿ ನೀರಿಲ್ಲ, ಬಿಸಿಯಿಲ್ಲ. ಆದರೆ ದೋಂಕಾಳ ಒಳಕೋಣೆಯಿಂದ ಹಾಡು ಬರುತ್ತಿದೆ. ಅದೂ ಎಂಥ ಹಾಡು, ಮದುವೆಯ ಹಾಡು. ಕೆಳಗೆ ಮೆತೋದಿ, ಸದ್ದು ಬಾರದಿದ್ದರೂ ಬೆರಳಿಗೆ ಅಭ್ಯಾಸವಾಗಲಿ ಎಂದು ಪರದೆಯ ಹಸಿರು ದೀಪ ನೋಡಿಕೊಂಡೇ ಬಾರಿಸುತ್ತಿದ್ದ. ಹೆಡ್‌ಫೋನಿನೊಳಗೆ ಅವನಿಗೆ ತನ್ನ ಉಸಿರು ಬಿಟ್ಟು ಏನೂ ಕೇಳುತ್ತಿರಲಿಲ್ಲ. ಮೇಲೆ ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ನಿಂತರು.

"ಪಟದ ಕಡೆಯಿಂದ ಬರ್ತಿದೆ," ಎಂದಳು ಒಬ್ಬಳು, ಶಿಲುಬೆಯ ಗುರುತು ಮಾಡಿಕೊಂಡು.

"ಮಾತೆಯೇ ಬಾರಿಸ್ತಿದಾಳೆ," ಎಂದಳು ಇನ್ನೊಬ್ಬಳು.

ದೋಂಕಾ ಮಾತ್ರ ತಲೆ ಒಂದು ಬದಿಗೆ ವಾಲಿಸಿ ಕೇಳುತ್ತಾ ಕೂತಿದ್ದಳು. ಆಗಾಗ ಮುಖ ಕಿವುಚುತ್ತಿದ್ದಳು.

ಗೆಂಚೋಗೆ ಪವಾಡಗಳಲ್ಲಿ ನಂಬಿಕೆಯಿರಲಿಲ್ಲ; ಪವಾಡಕ್ಕೆ ಮುಂಚಿತ ಅನುಮತಿ ಬೇಕೆಂದು ಅವನ ಅಭಿಪ್ರಾಯ. ಸದ್ದಿನ ವಿಷಯ ಬಲ್ಲವನು ಎಂದು ಮೆತೋದಿಯನ್ನು ಕರೆತರಲು ಹೋದ. ಅವನು ಬಾಗಿಲು ಬಡಿದು ಬಡಿದು ಸಾಕಾದ ಮೇಲೆ ಇಲ್ಕಾ ಬಂದು ಗಂಡನ ಹೆಡ್‌ಫೋನ್ ಎಳೆದಳು. ಮೆತೋದಿ ಕೀಬೋರ್ಡ್ ಬಿಟ್ಟು ಎದ್ದ. ಮೇಲೆ ಹಾಡು ನಿಂತಿತು. ಅವನು ಗಂಭೀರವಾಗಿ ಒಳಕೋಣೆಗೆ ಹೋಗಿ ಗೋಡೆ ತಟ್ಟಿದ, ನೆಲ ತಟ್ಟಿದ, ಸುಮ್ಮನೆ ಉರಿಯುತ್ತಿದ್ದ ದೀಪದ ಬೆಳಕಿನಲ್ಲೇ ಸ್ವಿಚ್‌ಗಳನ್ನು ಪರೀಕ್ಷಿಸಿದ. ಎಲ್ಲೂ ಸದ್ದಿಲ್ಲ.

"ಏನೂ ಇಲ್ವಲ್ಲ ದೊಡ್ಡಮ್ಮ," ಎಂದು ಕೆಳಗೆ ಹೋಗಿ ಮತ್ತೆ ಅಭ್ಯಾಸಕ್ಕೆ ಕೂತ. ಮೇಲೆ ಹಾಡು ಶುರುವಾಯಿತು.

ಮತ್ತೆ ಕರೆಸಿದರು. ಮತ್ತೆ ನಿಂತಿತು. ಹೋದ, ಶುರುವಾಯಿತು. ಎರಡನೇ ಸಲ ಅವನು ಹೊರಡುವಾಗ ಹೆಂಗಸರು ಮೆಟ್ಟಿಲಲ್ಲಿ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು.

ಮರುದಿನ ಬ್ರೆಡ್ಡಿನ ಅಂಗಡಿಯಲ್ಲಿ ಇಲ್ಕಾಳ ಕಿವಿಗೆ ವಿಷಯ ಬಿತ್ತು. ಸಂಜೆ ಅವಳು ಗಂಡನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಎದುರಿಗೆ ನಿಂತಳು.

"ನಿಜ ಹೇಳು ಮೆತೋದಿ. ಏನು ಮಾಡಿದೀಯ?"

"ಎಲ್ಲಿ?"

"ಜೀವನದಲ್ಲಿ. ನೀನು ಹೊಸಿಲಿಗೆ ಕಾಲಿಟ್ರೆ ಮಾತೆ ಸುಮ್ಮನಾಗ್ತಾಳೆ ಅಂತ ಊರೆಲ್ಲ ಹೇಳ್ತಿದೆ. ಮೊಟ್ಟೆ ಕೊಡೋಳು ನನ್ನ ಕೈ ಹಿಡ್ಕೊಂಡು, ಧೈರ್ಯ ತಗೋ ಅಂದ್ಲು."

ಮೆತೋದಿ ತನ್ನ ಬಾಳನ್ನೆಲ್ಲ ಹುಡುಕಿದ. "ಉಪವಾಸ ಶುರುವಾದ ಮೇಲೆ ನಿಲ್ದಾಣದಲ್ಲಿ ಸಾಸೇಜ್ ತಿಂದಿದೀನಿ," ಎಂದ ಸಣ್ಣ ದನಿಯಲ್ಲಿ.

"ಎಷ್ಟು ಸಲ?"

"ಹಸಿವಾದಾಗಲೆಲ್ಲ."

ಇಲ್ಕಾ ಕುರ್ಚಿ ಎಳೆದು ಕೂತಳು. ಇಷ್ಟಕ್ಕೆಲ್ಲ ದೇವಮಾತೆ ಮುನಿಸಿಕೊಳ್ಳುವುದಾದರೆ ಅಣ್ಣ ಕಾಮೆನ್ ಯಾವತ್ತೋ ಭೂಮಿಯೊಳಗೆ ಇಳಿದುಹೋಗಬೇಕಿತ್ತು ಎಂದು ಅವಳಿಗೂ ಅನ್ನಿಸಿತು. ಆದರೂ ಫ್ರಿಜ್ಜಿನಿಂದ ಸಾಸೇಜ್ ತೆಗೆದು ಬಾಲ್ಕನಿಯಾಚೆ ಬೆಕ್ಕಿಗೆ ಎಸೆದಳು.

ಶನಿವಾರ ಸಂಜೆಗೆ ಗೆಂಚೋ ಸೋತು ಪಾದ್ರಿಯನ್ನು ಕರೆಸಿದ. ಲಿಫ್ಟಿನ ಬಳಿ ಚೀಟಿ ಅಂಟಿಸಿದ: ಎಲ್ಲರೂ ಬರಬಹುದು, ಕುರ್ಚಿ ತಾವೇ ತರಬೇಕು, ಮೆತೋದಿ ಚಕರೋವ್ ದಯವಿಟ್ಟು ಮನೆಯಲ್ಲೇ ಇರಬೇಕು. ಬಿಸಿನೀರಿನ ಕಚೇರಿಯ ರಿಪೇರಿಯವನೂ ಬಂದ. ಕೊಳವೆಯ ಗೌರವದ ಪ್ರಶ್ನೆಯಾಗಿತ್ತು ಅವನಿಗೆ.

ಪಾದ್ರಿ ವಯಸ್ಸಾದವರು, ಅವಸರವಿಲ್ಲದವರು. ಪಟದ ಮುಂದೆ ನಿಂತು ಹಾಡನ್ನು ಪೂರ್ತಿ ಕೇಳಿದರು. ಮತ್ತೊಮ್ಮೆ ಕೇಳಿದರು. ಗಡ್ಡ ನೀವಿಕೊಂಡರು.

"ಇದು ಮಾತೆ ಇರಲಾರಳು," ಎಂದರು.

"ಯಾಕೆ ಫಾದರ್?" ಎಂದಳು ಮೊಟ್ಟೆ ಮಾರುವವಳು, ಆಸೆ ಬಿಡದೆ.

"ಮಾತೆಗೆ ಅಭ್ಯಾಸ ಮಾಡೋ ಅಗತ್ಯ ಇರಲ್ಲಮ್ಮ. ಇವರು ಯಾರೋ ಪ್ರತಿ ಸಲ ಒಂದೇ ಜಾಗದಲ್ಲಿ ಎಡವ್ತಿದಾರೆ."

ಕೆಳಗೆ, ಬಹಿಷ್ಕೃತನಾದ ಮೆತೋದಿ ಮಂಕಾಗಿ ಬಾರಿಸುತ್ತಿದ್ದ. ಮದುವೆ ಹತ್ತಿರವಾಗುತ್ತಿತ್ತು. ಬೆರಳು ಓಡುತ್ತಿತ್ತು, ಸದ್ದಿಗೆ ದಾರಿ ಸಿಕ್ಕಿರಲಿಲ್ಲ. ಬೋಯಾನಾಳ ಮುಖ ನೆನೆದಾಗಲೆಲ್ಲ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಳ್ಳುತ್ತಿದ್ದ. ಇಲ್ಕಾ ಮೇಲಿನವರಿಗೆಂದು ಕುರ್ಚಿ ಒಯ್ಯಲು ಬಂದಳು. ಗಂಡನ ಹೆಗಲ ಮೇಲಿಂದ ಬಗ್ಗಿದವಳು ಪರದೆಯ ಮೂಲೆಯನ್ನು ನೋಡಿ ಅಲ್ಲೇ ನಿಂತಳು. ಅವನ ಒಂದು ಕಿವಿಯ ಹೆಡ್‌ಫೋನ್ ಸರಿಸಿದಳು.

"ದೋಂಕಾ ದೊಡ್ಡಮ್ಮನ ದೀಪದ ಹೆಸರು ಇಲ್ಯಾಕಿದೆ?"

ಮೆತೋದಿ ಕನ್ನಡಕ ಏರಿಸಿ ಓದಿದ. ಸದ್ದು ಹೋಗುತ್ತಿರುವುದು: ಲುನೆಲಾ. ಕಳೆದ ವಾರಗಳೆಲ್ಲ ಅವನ ಕಣ್ಣ ಮುಂದೆಯೇ ಇದ್ದ ಅಕ್ಷರಗಳು. ಅವನ ಕೈ ಮಣೆಗಳಿಂದ ಜಾರಿತು. ತೆರೆದ ಬಾಗಿಲಿನಿಂದ, ಮೆಟ್ಟಿಲಿನ ಮೇಲಿಂದ, ಒಂದು ಸದ್ದು ಕೇಳುತ್ತಿತ್ತು. ಅದು ಅವನದಲ್ಲ. ಒಬ್ಬ ಹೆಂಗಸು ಹಾಡುತ್ತಿದ್ದಳು. ಒರಟು ಕಂಠ, ಬಹಳ ದಿನ ಬೀಗ ಹಾಕಿದ್ದ ಬಾಗಿಲಿನಂತೆ ಕಿರುಗುಟ್ಟುವ, ಆದರೆ ಎತ್ತರಕ್ಕೆ ನೆಟ್ಟಗೆ ಏರುವ ಕಂಠ. ಪಿಯಾನೊ ನಿಂತಿದ್ದರಿಂದ ಅದೂ ಸಾಲಿನ ನಡುವೆ ನಿಂತಿತು. ಕಾಯುತ್ತಿತ್ತು.

"ದೊಡ್ಡಮ್ಮ ಹಾಡ್ತಿದಾರೆ," ಎಂದಳು ಇಲ್ಕಾ ಪಿಸುದನಿಯಲ್ಲಿ. ಮರುಕ್ಷಣ ಅವಳಿಗೆ ಬುದ್ಧಿ ಬಂತು. "ಅದನ್ನ ಆರಿಸು. ಸುಮ್ಮನಿದ್ದುಬಿಡು. ಯಾರಿಗೂ ಗೊತ್ತಾಗಲ್ಲ. ನಾವು ಈ ಕಟ್ಟಡದಲ್ಲಿ ಬಾಳ್ಬೇಕು ಮೆತೋದಿ."

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಒಂದು ಗುಂಡಿ ಒತ್ತಿದರೆ ಸದ್ದು ಹೆಡ್‌ಫೋನಿಗೆ ಮರಳುತ್ತಿತ್ತು, ಪವಾಡ ಮುಗಿಯುತ್ತಿತ್ತು, ಮರ್ಯಾದೆ ಉಳಿಯುತ್ತಿತ್ತು. ಮೆತೋದಿ ಮೇಲೆ ನೋಡಿದ. ಸೂರಿನಾಚೆ ಒಬ್ಬ ಮುದುಕಿ ಅರ್ಧ ಸಾಲು ಬಾಯಲ್ಲಿಟ್ಟುಕೊಂಡು ನಿಂತಿದ್ದಳು.

"ಮುಗಿಸ್ಲಿ, ಪಾಪ," ಎಂದು ಮತ್ತೆ ಮಣೆಗಳ ಮೇಲೆ ಕೈಯಿಟ್ಟ. ನಿಂತಲ್ಲಿಂದಲೇ ಎತ್ತಿಕೊಂಡ. ಮೇಲಿನ ಕಂಠವೂ ಎತ್ತಿಕೊಂಡಿತು. ಹಾಡು ಕೊನೆಯವರೆಗೆ ಹೋಯಿತು. ಆಮೇಲೆ ಅವನು ಎದ್ದು, ಅಂಗಿ ಪ್ಯಾಂಟಿನೊಳಗೆ ಸರಿಯಾಗಿ ತೂರಿಸಿಕೊಂಡು, ಗಲ್ಲಿಗೆ ಹೋಗುವವನಂತೆ ಮೆಟ್ಟಿಲು ಹತ್ತಿದ. ಹಿಂದೆ ಇಲ್ಕಾ ಕುರ್ಚಿ ಹಿಡಿದುಕೊಂಡೇ ಬಂದಳು.

ಅವನನ್ನು ಕಂಡದ್ದೇ ಗೆಂಚೋ ಕೈ ಅಡ್ಡ ಹಿಡಿದ. "ಚೀಟಿ ಓದ್ಲಿಲ್ವಾ?"

"ಓದ್ದೆ. ಅದು ನಾನೇ ಗೆಂಚೋ ಅವ್ರೇ."

"ಏನು ನೀವು?"

"ಹಾಡು. ಆವತ್ತಿನ ಗುಂಯ್ ಅನ್ನೋದೂ ನಾನೇ. ನನ್ನ ಪಿಯಾನೊ ಸದ್ದೆಲ್ಲ ದೊಡ್ಡಮ್ಮನ ದೀಪದಲ್ಲಿ ಬರ್ತಿತ್ತು. ನಂಗೂ ಈಗ್ಲೇ ಗೊತ್ತಾಗಿದ್ದು."

ಮೊದಲು ಬಾಯಿಬಿಟ್ಟವನು ರಿಪೇರಿಯವನು. "ಹಾಗಾದ್ರೆ ನನ್ನ ಕೊಳವೇಲಿ ತಪ್ಪಿರ್ಲಿಲ್ಲ," ಎಂದು ಹೆಮ್ಮೆಯಿಂದ ಸುತ್ತ ನೋಡಿದ. ತಾನೇ ಅದನ್ನು ಮುಚ್ಚಿದವನೆಂಬುದು ನೆನಪಾಗಿ, ವಾಲ್ವ್ ತೆರೆಯಲು ನೆಲಮಾಳಿಗೆಗೆ ಓಡಿದ. ಕೋಟು ಹಾಕಿಕೊಂಡು ಕೂತಿದ್ದ ಜನರೆಲ್ಲ ಒಟ್ಟಿಗೆ ಗೆಂಚೋನ ಕಡೆ ತಿರುಗಿದರು. ಗೆಂಚೋ ಮೊದಲ ಬಾರಿಗೆ ಪರೀಕ್ಷೆಗೆ ಕೂತವನಂತೆ ಬೆವರಿದ. ಪಾದ್ರಿ ಮಾತ್ರ ಗಡ್ಡದೊಳಗೇ ನಗುತ್ತಿದ್ದರು.

ದೋಂಕಾ ಪಟದ ಮುಂದಿನಿಂದ ನಿಧಾನವಾಗಿ ಎದ್ದುಬಂದಳು. ಮೆತೋದಿ ತಲೆ ತಗ್ಗಿಸಿದ.

"ತಪ್ಪಾಯ್ತು ದೊಡ್ಡಮ್ಮ. ನೀವು ದೇವರು ಅಂದ್ಕೊಂಡ್ರಿ..."

"ನಾನ್ಯಾವಾಗ ಅಂದ್ಕೊಂಡೆ? ಇವರು ಅಂದ್ಕೊಂಡ್ರು." ಅವಳು ಹತ್ತಿರ ಬಂದು ಅವನ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು, ಮಾರ್ಕೆಟ್ಟಿನಲ್ಲಿ ಮೀನು ನೋಡುವ ಹಾಗೆ. "ಎರಡನೇ ಸಾಲಿಗೆ ಬಂದಾಗ ಏಳು ಎಣಿಕೆಯ ಹಾಡನ್ನ ಎಂಟು ಮಾಡೋದು ಈ ಕೈಯೇನಾ?"

"ಹೌದು."

"ಆ ಹಾಡು ಕುಂಟಬೇಕಪ್ಪಾ. ಕುಂಟಿದ್ರೇನೇ ಅದಕ್ಕೆ ಚೆಂದ. ನೀನು ಪಾಪ ಅಂತ ಊರುಗೋಲು ಕೊಟ್ಟು ನೆಟ್ಟಗೆ ನಡೆಸ್ತಿದೀಯ. ದಿನಾ ಸಂಜೆ ಕೂತು ಕೇಳಿ ಕೇಳಿ ನನ್ನ ಹಲ್ಲು ಸವೆದುಹೋಯ್ತು. ತಡೆಯೋಕಾಗ್ದೆ ಇವತ್ತು ನಾನೇ ಹಾಡಿ ತೋರಿಸ್ದೆ, ಸ್ವರ್ಗದಲ್ಲಿರೋರೇ ಆಗಿದ್ರೂ ತಿದ್ಕೊಳ್ಳಲಿ ಅಂತ." ಕೈ ಬಿಟ್ಟಳು. "ಆ ನಿನ್ನ ಯಂತ್ರಾನ ಮೇಲಕ್ಕೆ ತಗೊಂಡು ಬಾ."

"ಇವತ್ತೇನಾ?"

"ಇನ್ಯಾವಾಗ? ಇಷ್ಟು ಜನ ಕುರ್ಚಿ ತಂದು ಕೂತಿದಾರೆ."

ಹೀಗೆ ಆ ಚಳಿಗಾಲ ಮೆತೋದಿಯ ಪಾಠ ನಡೆಯಿತು. ದೋಂಕಾ ಚಮಚದಿಂದ ಮೇಜು ಕುಟ್ಟಿ ಎಣಿಕೆ ಹೇಳುತ್ತಿದ್ದಳು, ತಪ್ಪಿದರೆ ಅದೇ ಚಮಚ ಬೆರಳಿಗೆ ಬೀಳುತ್ತಿತ್ತು. ಬಿಸಿನೀರು ಮರಳಿ ಬಂದಿತ್ತು. ಬಾಗಿಲು ತೆರೆದೇ ಇರುತ್ತಿದ್ದರಿಂದ ಅಕ್ಕಪಕ್ಕದ ಹೆಂಗಸರು ಹೆಣಿಗೆ ಹಿಡಿದು ಬಂದು ಕೂರುತ್ತಿದ್ದರು. ಅವರಲ್ಲಿ ಇಬ್ಬರು ಹಳೆಯ ಮೇಳದವರೇ ಎಂಬುದು ಒಂದು ಸಂಜೆ ಅವರು ತಾವಾಗಿಯೇ ದನಿಗೂಡಿಸಿದಾಗ ಎಲ್ಲರಿಗೂ ತಿಳಿಯಿತು. ಗೆಂಚೋ ಕೂಡ ನಿಯಮಪಾಲನೆ ನೋಡಲು ಬರುತ್ತೇನೆಂದು ಹೇಳಿ ಬರುತ್ತಿದ್ದ. ಎಲ್ಲಿ ಚಪ್ಪಾಳೆ ತಟ್ಟಬೇಕೆಂಬುದು ಅವನ ತಲೆಗೆ ಕೊನೆಯವರೆಗೂ ಹತ್ತಲಿಲ್ಲ.

ಜನವರಿಯಲ್ಲಿ ಮದುವೆ. ಊಟದ ಸಭಾಂಗಣದ ಒಂದು ಮೂಲೆಯಲ್ಲಿ ಕೀಬೋರ್ಡು, ಲ್ಯಾಪ್‌ಟಾಪು, ಬಾಡಿಗೆಗೆ ತಂದ ಎರಡು ದೊಡ್ಡ ಸ್ಪೀಕರುಗಳು. ಸದ್ದು ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಮೆತೋದಿ ನೋಡಿದ, ಆಮೇಲೆ ಇಲ್ಕಾ ನೋಡಿದಳು, ಆಮೇಲೆ ಇಬ್ಬರೂ ಸೇರಿ ನೋಡಿದರು. ದೋಂಕಾ ಕಸೂತಿಯ ಅಂಗಿ ತೊಟ್ಟು ಪಕ್ಕದಲ್ಲಿ ನಿಂತಳು. ಬೋಯಾನಾ ಹೊಸಿಲಿಗೆ ಬಂದಳು. ಮೆತೋದಿ ಶುರುಮಾಡಿದ, ದೋಂಕಾ ಹಾಡಿದಳು, ನೆಂಟರೆಲ್ಲ ಕೈಕೈ ಹಿಡಿದು ಸಾಲಾಗಿ ಕುಣಿಯತೊಡಗಿದರು. ಸಾಲಿನ ಮುಂದೆ ಕಾಮೆನ್, ಕರವಸ್ತ್ರ ಬೀಸುತ್ತ.

ಎರಡನೇ ಸಾಲಿಗೆ ಬರುವಾಗ ಅಡುಗೆಮನೆಯವರು ಒಲೆಗಳನ್ನೆಲ್ಲ ಒಟ್ಟಿಗೆ ಹಚ್ಚಿದರು. ಫ್ಯೂಸ್ ಹಾರಿತು. ಸಭಾಂಗಣದ ದೀಪಗಳು ಆರಿದವು, ಸ್ಪೀಕರುಗಳು ಸತ್ತವು. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ತಣ್ಣಗೆ ನಡೆಯುತ್ತಿತ್ತು, ಪರದೆಯ ಮೇಲೆ ಹಸಿರು ದೀಪ ಕುಣಿಯುತ್ತಿತ್ತು. ಬೇರೆ ಯಾವ ವಾದಕನಾಗಿದ್ದರೂ ಕೈಚೆಲ್ಲುತ್ತಿದ್ದ. ಆದರೆ ಸದ್ದಿಲ್ಲದೆ ಬಾರಿಸುವುದರಲ್ಲಿ ಆ ಜಿಲ್ಲೆಯಲ್ಲೇ ಮೆತೋದಿಯಷ್ಟು ಅನುಭವಸ್ಥ ಇನ್ನೊಬ್ಬನಿರಲಿಲ್ಲ. ಅವನು ಕಣ್ಣು ಕೂಡ ಮಿಟುಕಿಸಲಿಲ್ಲ. ಬೆರಳುಗಳು ಏಳರ ಎಣಿಕೆಯಲ್ಲಿ ಕುಂಟುತ್ತಾ ಮುಂದೆ ಹೋದವು. ದೋಂಕಾಳ ಒಂಟಿ ಕಂಠ ಮಬ್ಬು ಸಭಾಂಗಣವನ್ನು ತುಂಬಿತು. ಕುಣಿತದ ಸಾಲು ಆ ಕಂಠ ಹಿಡಿದುಕೊಂಡೇ ತಿರುಗಿತು. ಕಾಲುಗಳ ಸದ್ದು ಬಿಟ್ಟರೆ ಬೇರೆ ಏನಿಲ್ಲ. ಬೋಯಾನಾ ಹೊಸಿಲಲ್ಲಿ ನಿಂತು ಅಳುತ್ತಿದ್ದಳು, ನಗುತ್ತಲೂ ಇದ್ದಳು.

ಯಾರೋ ಫ್ಯೂಸ್ ಹಾಕಿದರು. ಸ್ಪೀಕರುಗಳು ಒಮ್ಮೆ ಗೊರ್ರೆಂದು ಎಚ್ಚೆತ್ತವು, ಮತ್ತು ಪಿಯಾನೊ ದೋಂಕಾಳ ಹಾಡಿನ ಪದ ಎಲ್ಲಿತ್ತೋ ಸರಿಯಾಗಿ ಅಲ್ಲಿಗೇ ಬಂದು ಸೇರಿತು, ಒಂದು ಸ್ವರ ಹಿಂದಿಲ್ಲ, ಒಂದು ಮುಂದಿಲ್ಲ. ಇಡೀ ಸಭಾಂಗಣವೇ ಕೂಗಿಕೊಂಡಿತು.

ಹಾಡು ಮುಗಿದ ಮೇಲೆ ಕಾಮೆನ್ ಬೆವರು ಒರೆಸಿಕೊಳ್ಳುತ್ತಾ ಮೂಲೆಗೆ ಬಂದ. ತಂಗಿಯ ಗಂಡನ ಹೆಗಲ ಮೇಲೆ ಕೈಹಾಕಿದ. ಈ ಸಲ ಅವನ ದನಿ ಮಾಮೂಲಿ ಮನುಷ್ಯರಷ್ಟೇ ಇತ್ತು.

"ನೀನು ದೊಡ್ಡ ಮನುಷ್ಯ ಕಣಯ್ಯ. ನಡುವೆ ಪಿಯಾನೊ ಪೂರ್ತಿ ನಿಲ್ಸಿ, ಬರೀ ಕಂಠ ಬಿಟ್ಟು, ಆಮೇಲೆ ಮತ್ತೆ ತಂದೆಯಲ್ಲ, ಅಂಥದ್ದು ಸೋಫಿಯಾದೋರಿಗೂ ಬರಲ್ಲ. ಇನ್ನೊಂದ್ಸಲ ಹಂಗೇ ಮಾಡಪ್ಪಾ."

ಮೆತೋದಿ ಸುಳ್ಳುಗಾರನಲ್ಲ.

"ಅದಕ್ಕೆ ಅಡುಗೆಮನೆಯೋರನ್ನ ಕೇಳ್ಬೇಕು ಭಾವ," ಎಂದ.